ಅಕ್ಕೋರ ಅಂಗೈ

ಅಕ್ಕೋರ ಎಡ ಅಂಗೈಯಲ್ಲಿ ಅಡ್ಡಕ್ಕೆ ಒಂದು ಬಾಸುಂಡೆ ಎದ್ದಿತ್ತು. ಬೆರಳಿನಷ್ಟು ದಪ್ಪ, ನೇರಳೆ ಬಣ್ಣ. ನಿಲಾಯ್ ಪಟ್ಟಣದ ತಮಿಳು ಮುಸ್ಲಿಮರ ಮಾಮಕ್ ಹೋಟೆಲಿನಲ್ಲಿ ನನ್ನೆದುರು ಕೂತು ಅವರು ಚಹಾದ ಲೋಟ ಎತ್ತುವಾಗ ಅದು ಕಣ್ಣಿಗೆ ಬಿತ್ತು.

"ಅಯ್ಯೋ, ಯಾವ ಹುಡುಗ ಹೀಗ್ಮಾಡ್ದ ಅಕ್ಕೋರೇ?"

"ಹುಡುಗ ಅಲ್ಲ ತಂಗಿ, ಅವರಪ್ಪ. ನಾನಽ ಹೊಡೀರಿ ಅಂದಿದ್ದೆ," ಎಂದು ನಕ್ಕರು. ನಗುವ ವಿಷಯವೇ ಇದು?

ಅವರು ನನ್ನ ಮಗ ಓದುವ ಸಣ್ಣ ಖಾಸಗಿ ಶಾಲೆಯ ಹೆಡ್‌ಮಿಸ್ಟ್ರೆಸ್. ಮದುವೆಯಾಗಿ ಧಾರವಾಡದಿಂದ ಬಂದು ಈ ಮಲಯರ ನಾಡಿನ ಪ್ರಜೆಯೇ ಆಗಿಹೋಗಿದ್ದವರು. ಇಳಕಲ್ ಸೀರೆಯ ಕೆಳಗೆ ಓಟದ ಬೂಟು, ನಾಸಿ ಲೆಮಾಕ್ ಅನ್ನದ ಮೇಲೆ ಶೇಂಗಾ ಚಟ್ನಿಪುಡಿ. ಗೇಟಿನಲ್ಲಿ ನಿಂತು, ಇಲ್ಲಿಯವರಂತೆ ಕೊನೆಗೊಂದು ಲಾ ಸೇರಿಸಿ, "ಲಗೂನ ಬಾ ಲಾ!" ಎಂದು ಕೂಗಿದರೆ ತಮಿಳರ, ಚೀನಿಯರ, ಮಲಯರ ಮಕ್ಕಳೆಲ್ಲ ಓಡೋಡಿ ಬರುತ್ತಿದ್ದವು. ಅವರ ಊರಿನಲ್ಲಿ ಟೀಚರನ್ನು ಕರೆಯುವಂತೆ ನಾವೂ ಅಕ್ಕೋರು ಎನ್ನುತ್ತಿದ್ದೆವು.

ಇಲ್ಲಿನ ಕಿರಾಣಿ ಅಂಗಡಿಗಳಲ್ಲಿ ಪೊರಕೆಯ ಪಕ್ಕದಲ್ಲೇ ಬೆತ್ತಗಳು ನೇತಾಡುತ್ತವೆ, ಬಣ್ಣಬಣ್ಣದ ಹಿಡಿಕೆ ಸಮೇತ. ಹುಡುಗರಿಗೆ ಬೆತ್ತದೇಟು ಕೊಡಲು ಶಾಲೆಗೆ ಅನುಮತಿಯೂ ಉಂಟು. ಕೆಲವು ಅಪ್ಪ ಅಮ್ಮಂದಿರು ತಾವೇ ಒಂದು ಬೆತ್ತ ಕೊಂಡು ತಂದು, ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದರೂ ಬಾರಿಸಿ ಎಂದು ಕೊಟ್ಟು ಹೋಗುತ್ತಾರೆ. ಮಗನನ್ನು ಸೇರಿಸಿದ ದಿನ ನನ್ನ ಗಂಡನೂ ಹಲ್ಲು ಕಿರಿಯುತ್ತ, "ನಾವೆಲ್ಲ ಏಟು ತಿಂದೇ ಇಂಜಿನಿಯರ್ ಆಗಿದ್ದು ಮೇಡಂ, ಇವನಿಗೂ ಕೊಡಿ ನಾಲ್ಕು," ಅಂದಿದ್ದ.

ಅಕ್ಕೋರು ಯಾರೋ ತಂದಿಟ್ಟಿದ್ದ ಬೆತ್ತವೊಂದನ್ನು ನನ್ನ ಗಂಡನ ಕೈಗಿಟ್ಟು ತಮ್ಮ ಅಂಗೈ ಚಾಚಿದರು.

"ಎಷ್ಟ್ ಜೋರ ಹೊಡೀಬೇಕು, ಇಲ್ಲಿ ತೋರಸ್ರಿ."

ಅವನು ಪೆಚ್ಚಾಗಿ ನನ್ನ ಮುಖ ನೋಡಿದ.

"ಯಾಕ್ರಿ, ನನ್ನ ಮ್ಯಾಲ ನಿಮ್ಮ ಕೈ ಏಳವಲ್ದು? ಮತ್ತ ಈ ಕೂಸಿನ ಮ್ಯಾಲ ನನ್ನ ಕೈ ಹ್ಯಾಂಗ ಏಳಬೇಕು?"

ಹೊಡೆಯಿರಿ ಎಂದು ಬಂದವರಿಗೆಲ್ಲ ಇದೇ ಮದ್ದು. ಎಲ್ಲರೂ ತಲೆ ತಗ್ಗಿಸಿ ಹೋಗುತ್ತಿದ್ದರು. ಈ ಮಹಾರಾಯನೊಬ್ಬ ನಿಜವಾಗಿಯೂ ಬಾರಿಸಿಬಿಟ್ಟಿದ್ದ! ಆ ವಯಸ್ಸಿನ ಹೆಂಗಸಿಗೆ! "ಪೊಲೀಸಿಗೆ ಕೊಡಿ ಅವನ್ನ," ಎಂದು ಹೋಟೆಲಿನಲ್ಲೇ ಕೂಗಾಡಿದೆ.

"ನನಗ ಹೊಡದ್ರ ಪೊಲೀಸ್ರು ಬರ್ತಾರ. ಅವನ ಮಗಗ ನಾ ಹೊಡದಿದ್ರ ಯಾರೂ ಬರ್ತಿದ್ದಿಲ್ಲ. ಅದಕ್ಕಽ ಕಾಯ್ದೆ ಬೇಕು ಅನ್ನೂದು," ಎಂದು ಅವರು ಚಹಾ ಮುಗಿಸಿದರು.

ಶಾಲೆಯಲ್ಲಿ ಮಕ್ಕಳಿಗೆ ಹೊಡೆಯಬಾರದೆಂಬ ಆ ಕಾಯ್ದೆಗಾಗಿ ವಕೀಲರನ್ನು ಕಟ್ಟಿಕೊಂಡು ಎಂಪಿಗಳ ಮನೆಬಾಗಿಲು ಸುತ್ತುತ್ತಿದ್ದರು. ನೀವಿರುವಾಗ ಕಾಯ್ದೆ ಯಾಕೆ ಅಕ್ಕೋರೇ ಎಂದರೆ, "ನಾ ಏನ್ ಇಲ್ಲೆ ಗೂಟಾ ಹೊಡಕೊಂಡು ಕೂಡತೀನೇನು?" ಅನ್ನುತ್ತಿದ್ದರು.

ಹೋದ ವರ್ಷ ಹೋಗಿಯೇಬಿಟ್ಟರು. ಬೆಳಿಗ್ಗೆ ಗೇಟಿನಲ್ಲಿ ನಿಂತಿದ್ದವರು ಮಧ್ಯಾಹ್ನಕ್ಕೆ ಇಲ್ಲ. ಹೃದಯಾಘಾತವಂತೆ. ನನಗೆ ಇವತ್ತಿಗೂ ನಂಬಲಾಗುತ್ತಿಲ್ಲ.

ಹೊಸ ಹೆಡ್‌ಮಾಸ್ಟರ್ ಬಂದ ಕೆಲವೇ ದಿನಗಳಲ್ಲಿ ಒಂದು ಸಂಜೆ ಮಗ ನಿಂತುಕೊಂಡೇ ದೋಸೆ ತಿನ್ನುತ್ತಿದ್ದ. ಕೂತ್ಕೊಳೋ ಎಂದರೆ ಕೂರಲೊಲ್ಲ. ಚಡ್ಡಿ ಸರಿಸಿ ನೋಡಿದೆ. ಎರಡು ಬರೆ! ಕ್ಲಾಸಿನಲ್ಲಿ ಮಾತಾಡಿದ್ದಕ್ಕಂತೆ. ನನ್ನ ಗಂಡ ಅದನ್ನು ನೋಡಿ ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತ.

ಮರುದಿನ ನಾನು ಮೈಮೇಲೆ ಬಂದವಳಂತೆ ಶಾಲೆಗೆ ನುಗ್ಗಿದೆ. ಹೆಡ್‌ಮಾಸ್ಟರ್ ಎದ್ದು ನಿಂತು ಕುರ್ಚಿ ತೋರಿಸಿದರು. "ನಾನೇ ಹೊಡೆದದ್ದು ಮೇಡಂ. ಎರಡೇ ಏಟು. ನಿಯಮ ಮೀರಿಲ್ಲ," ಎಂದರು. ಸಿಟ್ಟಿಲ್ಲ, ಅಳುಕಿಲ್ಲ. ನಮ್ಮ ದೇಶದಲ್ಲಾಗಿದ್ದರೆ ಕಾಯ್ದೆಯಿದೆ ಗೊತ್ತೇನ್ರೀ ಎಂದು ಮೇಜು ಗುದ್ದುತ್ತಿದ್ದೆ. ಇಲ್ಲಿ ಯಾವುದರ ಹೆಸರೆತ್ತಿ ಗುದ್ದಲಿ? ಇಷ್ಟು ವರ್ಷ ನನ್ನ ಮಗನ ಮೈಮೇಲೆ ಏಟು ಬೀಳದಿದ್ದದ್ದು ಅಕ್ಕೋರೊಬ್ಬರು ಬದುಕಿದ್ದರು ಎಂಬ ಒಂದೇ ಕಾರಣಕ್ಕೆ ಎಂದು ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು.

ಮಗನನ್ನು ಕರೆದುಕೊಂಡು ಹೊರಗೆ ಬಂದು ಕಾರು ಹತ್ತಿದರೂ ನಾನು ಕಿರುಚುತ್ತಲೇ ಇದ್ದೆ. ಮಗ ಸೀಟ್ ಬೆಲ್ಟ್ ಹಾಕಿಕೊಂಡು ನನ್ನನ್ನೇ ಸಮಾಧಾನ ಮಾಡಿದ.

"ಇಟ್ಸ್ ಓಕೆ ಅಮ್ಮಾ. ಹೀ ಈಸ್ ಅಲೌಡ್."