ಕರಿ ಸೀರೆಯ ಕೆಳಗಿನ ಟಾರ್ಚು

ನಮ್ಮ ಅತ್ತೆಗೆ ನಾನು ಮಾಡಿಕೊಟ್ಟ ಟಾರ್ಚು ಮೊದಲು ಚೆನ್ನಾಗಿಯೇ ಇತ್ತು. ಕೆಡಿಸಿದವಳು ನಾನು. ಇದನ್ನು ಮೊದಲಿಗೇ ಹೇಳಿಬಿಡುತ್ತೇನೆ, ಯಾಕೆಂದರೆ ಹೇಳಬೇಕಾದ ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೆ.

ಬೈಲಹೊಂಗಲದ ಒಂದು ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಮನೆಗೆ ಬಂದರೆ ಟಾರ್ಚು ಬಿಚ್ಚುವುದು, ಬೆಸೆಯುವುದು, ಮತ್ತೆ ಜೋಡಿಸುವುದು ನನ್ನ ಹುಚ್ಚು. ಬೇರೆ ಹೆಂಗಸರು ಆನ್‌ಲೈನಿನಲ್ಲಿ ಬಳೆ ತರಿಸಿದರೆ ನಾನು ಎಲ್‌ಇಡಿ ತರಿಸುತ್ತೇನೆ. ಗಂಡ ಚೇಷ್ಟೆ ಮಾಡುತ್ತಾರೆ. ಮಾಡಲಿ, ಕರೆಂಟು ಹೋದಾಗ ಟಾರ್ಚು ಕೇಳುವವರು ಅವರೇ.

ಅತ್ತೆಯ ಹುಚ್ಚು ಕಸೂತಿ. ನಮ್ಮ ಮನೆತನದಲ್ಲಿ ಹೆಣ್ಣುಮಗಳು ಚೊಚ್ಚಲ ಬಸುರಿಯಾದರೆ ದೃಷ್ಟಿ ತಾಗಬಾರದೆಂದು ಕಸೂತಿ ಹಾಕಿದ ಕರಿ ರೇಷ್ಮೆ ಸೀರೆ ಉಡಿಸುತ್ತಾರೆ. ಅದಕ್ಕೆ ಚಂದ್ರಕಾಳಿ ಅನ್ನುತ್ತಾರೆ. ನಾದಿನಿಯರಿಗೆ, ಅವರ ಹೆಣ್ಣುಮಕ್ಕಳಿಗೆ ಎಲ್ಲರಿಗೂ ಸೂಜಿ ಆಡಿಸಿದ್ದು ಅತ್ತೆಯ ಕೈ. ರಾಮದುರ್ಗಕ್ಕೆ ಕೊಟ್ಟ ನನ್ನ ಮಗಳು ಬಸುರಿಯೆಂದು ಗೊತ್ತಾದಾಗ ಅತ್ತೆಗೆ ಕಣ್ಣಿನ ಪೊರೆ ತೆಗೆಸಿ ಬಹಳ ದಿನವೇನೂ ಆಗಿರಲಿಲ್ಲ. ಅಂಗಡಿಯಿಂದ ತರೋಣ ಎಂದರೆ ಕೇಳಬೇಕಲ್ಲ!

"ನನ್ನ ಮೊಮ್ಮಗಳ ಸೀರಿ ನಾನ ಹಾಕಾಕಿ. ಕೈಯಾಗ ಜೀವ ಇರೂತನಾ ಅಂಗಡಿ ಮಾತ ಎತ್ತಬ್ಯಾಡ" ಎಂದು ಕಡ್ಡಿ ಮುರಿದಂತೆ ಹೇಳಿದರು.

ಅವರು ಕೂರುವುದು ಸಂಜೆಗೆ, ನಮ್ಮ ಓಣಿಯಲ್ಲಿ ಕರೆಂಟು ಹೋಗುವುದೂ ಸಂಜೆಗೇ. ಎಮರ್ಜೆನ್ಸಿ ಲ್ಯಾಂಪು ಹಚ್ಚಿಟ್ಟರೆ ಸಿಡಿಮಿಡಿಗೊಳ್ಳುತ್ತಿದ್ದರು. "ಈ ಬಿಳೀ ಬೆಳಕಿನ್ಯಾಗ ಕುಂಕುಮದ ದಾರಾನೂ ಒಂದ, ಇಟ್ಟಂಗಿ ಬಣ್ಣದ ದಾರಾನೂ ಒಂದ ಕಾಣತಾವು." ಅವರು ಹೇಳಿದ್ದು ಖರೆ. ಅಗ್ಗದ ಎಲ್‌ಇಡಿಯ ಬೆಳಕಿನಲ್ಲಿ ಕಡುಗೆಂಪು ಬಹಳ ಕಡಿಮೆ, ಹಾಗಾಗಿ ಕೆಂಪು ಬಣ್ಣಗಳೆಲ್ಲ ಸಪ್ಪಗಾಗುತ್ತವೆ. ಬಣ್ಣವನ್ನು ಹಗಲಿನಲ್ಲಿದ್ದಂತೆ ತೋರಿಸುವ ಬೇರೆ ಎಲ್‌ಇಡಿ ಸಿಗುತ್ತದೆ. ಅದನ್ನು ತರಿಸಿ ಒಂದು ಟಾರ್ಚಿಗೆ ಕೂರಿಸಿ ಕೊಟ್ಟೆ. ಅತ್ತೆ ದಾರದ ಲಡಿಗಳನ್ನೆಲ್ಲ ಅದರ ಮುಂದೆ ಹರವಿಕೊಂಡು, "ಅಯ್ಯ ಶಿವನ, ಈಗ ನೋಡವಾ, ಕುಂಕುಮ ಕುಂಕುಮದಂಗ ಕಾಣಾಕತ್ತು" ಎಂದರು. ನಾನು ಉಬ್ಬಿಹೋದೆ.

ಆದರೆ ಈ ಎಲ್‌ಇಡಿಗಳದ್ದು ಒಂದು ಕೊರತೆ. ಅಷ್ಟೇ ಕರೆಂಟಿಗೆ ಸಾದಾ ಎಲ್‌ಇಡಿ ಕೊಡುವಷ್ಟು ಬೆಳಕನ್ನು ಇವು ಕೊಡುವುದಿಲ್ಲ. ಅತ್ತೆಗೋ ಬೆಳಕು ಬೇಕಾಗಿದ್ದದ್ದು ಬಟ್ಟೆಯ ಕೆಳಗಿನಿಂದ. ಕಸೂತಿಗೆ ಗೆರೆ ಎಳೆದುಕೊಳ್ಳುವುದಿಲ್ಲ, ಬಟ್ಟೆಯ ಎಳೆ ಎಣಿಸಿ ಸೂಜಿ ಹಾಕಬೇಕು. ಒಂದು ಎಳೆ ತಪ್ಪಿದರೆ ಕಸೂತಿಯ ಗೋಪುರದ ಚಿತ್ರವೇ ಸೊಟ್ಟ. ಕರಿ ಬಟ್ಟೆಯಲ್ಲಿ ಎಳೆ ಕಾಣುವುದೆಲ್ಲಿಂದ? ಅದಕ್ಕೆ ಅವರು ಟಾರ್ಚನ್ನು ಮೇಲ್ಮುಖವಾಗಿ ಹಿತ್ತಾಳೆ ತಂಬಿಗೆಯಲ್ಲಿ ನಿಲ್ಲಿಸಿ, ತಂಬಿಗೆಯ ಬಾಯಿಗೆ ಸೀರೆ ಹರವಿ, ಎಳೆಗಳ ಸಂದಿನಿಂದ ಬರುವ ಬೆಳಕು ನೋಡಿ ಎಣಿಸುತ್ತಿದ್ದರು. ಎಂಥಾ ತಲೆ! ನಾನೇ ಶಾಲೆಯಲ್ಲಿ ಎಲ್ಲರ ಮುಂದೆ ಹೊಗಳಿದ್ದೆ.

"ಚಲೋ ಐತಿ, ಆದರ ಬೆಳಕ ಸಾಲವಲ್ದು" ಎಂದು ದಿನಾ ರಾಗ ತೆಗೆದರು. ನನಗೆ ಸಿಟ್ಟು ಮೂಗಿನ ತುದಿಯಲ್ಲೇ. "ಇರ್ರಿ ಅತ್ತಿ, ಸೂರ್ಯನ್ನ ತಂದ ಇಡತೇನಿ" ಎಂದೆ. ಒಂದು ಭಾನುವಾರ ಟಾರ್ಚು ಬಿಚ್ಚಿದೆ. ಎಲ್‌ಇಡಿಗೆ ಎಷ್ಟು ಕರೆಂಟು ಹೋಗಬೇಕೆಂದು ತೀರ್ಮಾನಿಸುವ ಪುಟ್ಟ ಹಲಗೆಗೆ ಡ್ರೈವರ್ ಅನ್ನುತ್ತಾರೆ. ಅದರ ಮೇಲಿನ ರೆಸಿಸ್ಟರಿನ ಬೆನ್ನಿಗೆ ಇನ್ನೊಂದನ್ನು ಬೆಸೆದರೆ ತಡೆ ತಗ್ಗಿ ಕರೆಂಟು ಏರುತ್ತದೆ. ಬೆಸೆದೆ. ಬೆಳಕು ಝಗ್ಗೆಂದಿತು. ಕರೆಂಟು ಏರಿದಷ್ಟು ಬೆಳಕು ಏರುವುದಿಲ್ಲ, ಬಿಸಿ ಮಾತ್ರ ಏರುತ್ತಲೇ ಹೋಗುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲವೇ? ಕಪ್ಪು ಬಣ್ಣ ಬಿದ್ದ ಬೆಳಕನ್ನೆಲ್ಲ ನುಂಗಿ ಕಾಯುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವವಳು ನಾನೇ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ. ಅತ್ತೆ ಬೆರಗಾಗಲಿ ಎಂಬ ಚಪಲಕ್ಕೆ, ಏನು ಮಾಡಿದೆನೆಂದು ಹೇಳದೆಯೇ ಟಾರ್ಚನ್ನು ತಂಬಿಗೆಯಲ್ಲಿಟ್ಟು ಬಂದೆ.

ಮರುದಿನ ಸಂಜೆ ರೊಟ್ಟಿ ಬಡಿಯುತ್ತಿದ್ದೆ. ಕೂದಲು ಸುಟ್ಟಂಥ ವಾಸನೆ ಬಂತು. ಓಡಿ ಬಂದು ನೋಡಿದರೆ ಅತ್ತೆ ಸೀರೆಯನ್ನು ಎದೆಗವಚಿಕೊಂಡು ಕೂತಿದ್ದಾರೆ. ಸೆರಗಿನ ನಡುವೆ, ಮುಗಿದ ಗೋಪುರದ ಪಕ್ಕದಲ್ಲೇ, ರೂಪಾಯಿಯಗಲ ತೂತು.

"ಇಷ್ಟ ದಿನ ಸುಡಲಾರದ್ದು ಇವತ್ತ್ಯಾಕ ಸುಡತೈತಿ?" ಎಂದು ತಮ್ಮನ್ನೇ ಕೇಳಿಕೊಂಡರು. "ನಾನ ಭಾಳ ಹತ್ತರ ಹಿಡದೇನಿ. ಕಣ್ಣಿಗೆ ಕಂಡಿಲ್ಲ."

ಆಗ ಹೇಳಬೇಕಿತ್ತು. ಒಂದೇ ಮಾತು. ಅಷ್ಟರಲ್ಲಿ ಗಂಡ ಬಂದು, "ಸಾಕ ಮಾಡ ಯವ್ವಾ, ವಯಸ್ಸಾತು" ಎಂದುಬಿಟ್ಟರು. ಬಸುರಿ ಮಗಳ ಸೀರೆ ಸುಟ್ಟ ಅಪಶಕುನ ಯಾರ ತಲೆಗೆ? ವಿಜ್ಞಾನದ ಟೀಚರು ನಾನು, ಶಕುನಕ್ಕೂ ಹೆದರಿದೆ, ಮರ್ಯಾದೆಗೂ ಹೆದರಿದೆ. ಸುಮ್ಮನಾದೆ. ಸುಟ್ಟ ಸೀರೆ ಟ್ರಂಕು ಸೇರಿತು. ಗಂಡ ಅಂಗಡಿಯಿಂದ ಮಷೀನ್ ಕಸೂತಿಯ ಕರಿ ಸೀರೆ ತಂದರು.

ಅತ್ತೆ ಸೂಜಿ ಮುಟ್ಟಲಿಲ್ಲ. ಅಷ್ಟಕ್ಕೇ ನಿಲ್ಲಲೂ ಇಲ್ಲ. ಅಕ್ಕಿ ಆರಿಸುವುದು ಬಿಟ್ಟರು. "ಚಹಾ ನೀನ ಸೋಸವಾ, ನನಗ ಕಾಣೂದಿಲ್ಲ" ಎಂದರು. ನೆಲದ ಮೇಲಿನ ಇರುವೆ ಕಾಣುತ್ತಿದ್ದ ಹೆಂಗಸು ಗೋಡೆ ಹಿಡಿದು ನಡೆಯತೊಡಗಿದರು. ಕೈಹಿಡಿದು ಬಚ್ಚಲಿಗೆ ಕರೆದೊಯ್ಯುವಾಗ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸುತ್ತಿತ್ತು. ಆದರೂ ಬಾಯಿ ಬಿಡಲಿಲ್ಲ, ನೋಡಿ ನನ್ನ ಪಾಪಿ ಜೀವ!

ಗಂಡ ಕಣ್ಣಿನ ಡಾಕ್ಟರಿಗೆ ತೋರಿಸೋಣವೆಂದರು. ಮೂವರೂ ಹೋದೆವು. ಡಾಕ್ಟರು ಅಕ್ಷರ ಓದಿಸಿ, ದೀಪ ಬಿಟ್ಟು ನೋಡಿ, "ಅಜ್ಜಿ, ಕಣ್ಣು ಚಲೋ ಅದಾವ್ರಿ, ಏನೂ ತೊಂದ್ರಿ ಇಲ್ಲ" ಎಂದರು. ನಾನು ನಿಟ್ಟುಸಿರು ಬಿಟ್ಟೆ. ಮನೆಗೆ ಬಂದು ಅತ್ತೆ ಪಡಸಾಲೆಯಲ್ಲಿ ಕೂತರು. ಆಮೇಲೆ ಮೆಲ್ಲಗೆ ಹೇಳಿದರು. "ಕಣ್ಣು ಚಲೋ ಅದಾವಂದ್ರ ನನ್ನ ತಲಿ ಕೆಟ್ಟೈತಿ ಅಂದಂಗಾತು. ನಮ್ಮವ್ವಗೂ ಹಿಂಗ ಸುರು ಆಗಿತ್ತು."

ನನ್ನ ಕೈಲಿ ತಡೆಯಲಾಗಲಿಲ್ಲ. ಅವರ ಕಾಲ ಬಳಿ ಕೂತು ಎಲ್ಲ ಹೇಳಿದೆ. ರೆಸಿಸ್ಟರು, ಕರೆಂಟು, ಕಪ್ಪು ಬಟ್ಟೆ, ತಂಬಿಗೆಯೊಳಗಿನ ಬಿಸಿ. ಅಳುತ್ತಾ ಪಾಠ ಮಾಡಿದ್ದು ಅದೇ ಮೊದಲು.

"ಹಂಗಾರ ನಾ ಹತ್ತರ ಹಿಡದಿದ್ದಿಲ್ಲ?"

"ಇಲ್ರಿ ಅತ್ತಿ. ನೀವು ದಿನಾ ಹಿಡಿಯೂ ಹಂಗ ಹಿಡದಿದ್ರಿ."

ಅವರ ಮುಖ ಕೆಂಪಾಯಿತು. "ಸೀರಿ ಸುಟ್ಟದ್ದಕ್ಕ ನಾ ಏನೂ ಅನ್ನೂದಿಲ್ಲ. ಒಂದ ಅರಿವಿ ಹೋದ್ರ ಇನ್ನೊಂದ ಬರತೈತಿ. ಆದರ ನನ್ನ ಕುರುಡಿ ಮಾಡಿ ಕುಂಡ್ರಿಸಿ, ಕೈ ಹಿಡದ ಅಡ್ಡಾಡ್ಸಕೋತ ನೋಡಿದೆಲ್ಲಾ ನೀ! ಎಂಥಾ ಎದಿ ನಿಂದು!"

ಏಟು ಹೊಡೆದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಆಮೇಲೆ ಕೆಲವು ದಿನ ಅವರು ನನ್ನೊಡನೆ ಮಾತು ಬಿಟ್ಟರು. ಆದರೆ ಚಹಾ ಮಾತ್ರ ತಾವೇ ಸೋಸಿಕೊಂಡರು. ಕೊನೆಗೊಂದು ಬೆಳಿಗ್ಗೆ, "ಸೀರಿಗೆ ಇನ್ನ ಟೈಮ್ ಇಲ್ಲ. ಒಂದ ಕರೀ ಖಣ ತಾ, ಕುಬಸರ ಹಾಕತೇನಿ" ಎಂದರು. ಕರಿ ರವಿಕೆ ಬಟ್ಟೆ ತಂದುಕೊಟ್ಟು, ನಾನು ಬೆಸೆದಿದ್ದ ರೆಸಿಸ್ಟರು ಕಿತ್ತೆಸೆದೆ. ಮಂಕು ಬೆಳಕಿನಲ್ಲೇ ಅವರು ಎಳೆ ಎಣಿಸಿದರು. ಸಾಲವಲ್ದು ಎಂದು ಒಮ್ಮೆಯೂ ಅನ್ನಲಿಲ್ಲ, ಅದೂ ನನಗೆ ಚುಚ್ಚಿತು.

ಮಗಳ ಕುಬಸದ ಕಾರ್ಯಕ್ಕೆ, ಅಂದರೆ ಸೀಮಂತಕ್ಕೆ, ರಾಮದುರ್ಗದ ಬೀಗರು, ಕಟಕೋಳದ ನೆಂಟರು, ಎಲ್ಲ ಬಂದರು. ಮಗಳು ಅಂಗಡಿ ಸೀರೆ ಉಟ್ಟು, ಅಜ್ಜಿಯ ಕುಬಸ ತೊಟ್ಟು ಕೂತಿದ್ದಳು. ಅತ್ತೆಯ ಅಕ್ಕ, ಕಟಕೋಳದ ದೊಡ್ಡಮ್ಮ, ಸೀರೆಯ ಸೆರಗು ತಿರುವಿ ನೋಡಿ, ಅತ್ತೆಯನ್ನು ಕನಿಕರದಿಂದ ಕೇಳಿದರು. "ಯಾಕ ತಂಗಿ, ಸೀರಿ ಹಾಕಲಿಲ್ಲ? ಕಣ್ಣು ಕಾಣೂದಿಲ್ಲೇನು?"

ಅತ್ತೆ ನನ್ನ ಮುಖ ನೋಡಿದರು.

"ಅವರ ಕಣ್ಣು ಬರೋಬ್ಬರಿ ಅದಾವ್ರಿ" ಎಂದೆ. "ಸೀರಿ ನಾ ಸುಟ್ಟೆ."

ಅತ್ತೆ ಮೊಮ್ಮಗಳ ತೋಳಿನ ಮೇಲಿನ ಕುಬಸ ಸರಿಮಾಡುತ್ತಾ ಹೇಳಿದರು. "ಅಕ್ಕಗ ಕಿವಿ ಮಂದ ಅದಾವ. ಜೋರ ಹೇಳು, ಎಲ್ಲಾರಿಗೂ ಕೇಳಲಿ."

ಎದ್ದು ನಿಂತು ಜೋರಾಗಿ ಹೇಳಿದೆ.