ಚೆನ್ಸಾಳ ಒಂಬತ್ತು ಡಬ್ಬ ಮಣ್ಣು

ಸಾವಿರದ ಒಂಬೈನೂರ ನಲವತ್ತೆರಡರ ಏಪ್ರಿಲ್ ಕೊನೆಯಲ್ಲಿ ಒಂದು ಬೆಳಗ್ಗೆ ಚೆನ್ಸಾ ಬುಜೇಯಾ ತನ್ನ ಹೊಲಕ್ಕೆ ಹೋದಾಗ ಎಂಟು ಜನ ಸಿಪಾಯಿಗಳು ಅಲ್ಲಿ ಅಗೆಯುತ್ತಿದ್ದರು. ಮೂಲೆಯ ಈರುಳ್ಳಿ ಮಡಿಯನ್ನು ಬಗೆದು, ಕೆಂಪು ಮಣ್ಣನ್ನು ಪೆಟ್ರೋಲಿನ ಖಾಲಿ ಡಬ್ಬಗಳಿಗೆ ತುಂಬುತ್ತಿದ್ದರು. ಆಗಲೇ ಒಂಬತ್ತು ಡಬ್ಬಗಳು ತುಂಬಿ ಲಾರಿ ಏರಿದ್ದವು. ಹತ್ತನೆಯದರ ಮೇಲೆ ಆಕೆ ಹೋಗಿ ಕುಳಿತುಬಿಟ್ಟಳು.

ಮಾಲ್ಟಾದ ಸಾಫಿ ಊರಿನಲ್ಲಿ ಮಣ್ಣನ್ನು ಯಾರೂ ಹಾಗೆ ಮುಟ್ಟುವುದಿಲ್ಲ. ಅಲ್ಲಿ ಬಂಡೆಯ ಮೇಲೆ ಒಂದು ಮೊಳ ಮಣ್ಣಿದ್ದರೆ ಅದು ಒಳ್ಳೆಯ ಹೊಲ. ಮನೆ ಕಟ್ಟುವವನು ಸಹ ಮೊದಲು ಆ ಜಾಗದ ಮಣ್ಣನ್ನೆಲ್ಲ ಬಾಚಿ ಇನ್ನೊಬ್ಬರ ಹೊಲಕ್ಕೆ ಸಾಗಿಸಿ, ಬರಿಯ ಬಂಡೆಯ ಮೇಲೆ ಪಾಯ ಹಾಕುತ್ತಾನೆ. ಮಣ್ಣಿನ ಮೇಲೆ ಗೋಡೆ ಎಬ್ಬಿಸಿದವನಿಗೆ ಊರಿನಲ್ಲಿ ಹೆಣ್ಣು ಸಿಗುವುದು ಕಷ್ಟ. ಚೆನ್ಸಾಳ ಹೊಲದ ಮಣ್ಣನ್ನು ಆಕೆಯ ಗಂಡನ ಅಜ್ಜಿ ಕೆಳಗಿನ ಕಣಿವೆಯಿಂದ ಬುಟ್ಟಿಯಲ್ಲಿ ಹೊತ್ತು ತಂದಿದ್ದಳು. ಅದಕ್ಕೆ ಹದಿನಾಲ್ಕು ಚಳಿಗಾಲ ಹಿಡಿಯಿತಂತೆ.

ಸಿಪಾಯಿಗಳ ಜೊತೆಗಿದ್ದ ಕಾರ್ಪೊರಲ್ ನೆನು ಅದೇ ಊರಿನವನು, ಚೆನ್ಸಾಳ ಗಂಡನ ಅಣ್ಣನ ಮಗ. ಅವನಿಗೆ ತಾನು ಏನು ಮಾಡಿಸುತ್ತಿದ್ದೇನೆಂಬುದು ಚೆನ್ನಾಗಿ ಗೊತ್ತಿತ್ತು. ಆದ್ದರಿಂದಲೇ ಲಾರಿಯ ಮರೆಯಲ್ಲಿ ನಿಂತಿದ್ದ.

"ಈಚೆ ಬಾರೋ ನೆನು. ನಿನ್ನ ಬೂಟು ಕಾಣ್ತಾ ಇದೆ."

"ಚಿಕ್ಕಮ್ಮಾ, ಮೇಲಿನವರ ಆರ್ಡರು. ನಾನೇನ್ ಮಾಡ್ಲಿ?"

"ನಿಮ್ಮ ಮುತ್ತಜ್ಜೀನ ಅಗೀತಾ ಇದೀರಿ, ಅದನ್ನ ಹೇಳಿದ್ಯಾ ಮೇಲಿನವರಿಗೆ?"

ಮೇಲಿನವರೆಂದರೆ ಬ್ರಿಟಿಷ್ ಸೇನೆಯ ಕ್ಯಾಪ್ಟನ್ ಪೆಂಬ್ರಿಜ್. ಹೊಲದ ಗೋಡೆಯಾಚೆಯೇ ವಿಮಾನ ನಿಲ್ದಾಣ. ಆ ತಿಂಗಳು ಹಡಗಿನಿಂದ ಹಾರಿಬಂದ ವಿಮಾನಗಳಲ್ಲಿ ಬಹಳಷ್ಟು ಮೂರೇ ದಿನಗಳಲ್ಲಿ ನೆಲದ ಮೇಲೆ ನಿಂತಲ್ಲೇ ಸುಟ್ಟುಹೋಗಿದ್ದವು. ಹಾರುವಾಗ ಹೊಡೆದುರುಳಿಸಲು ಶತ್ರು ಹೆಣಗಬೇಕಾಗಿದ್ದ ಯಂತ್ರ, ನಿಂತಾಗ ಕಟ್ಟಿಹಾಕಿದ ಮೇಕೆಯಷ್ಟು ಸುಲಭ. ಈಗ ಇನ್ನಷ್ಟು ವಿಮಾನಗಳು ಬರಲಿದ್ದವು. ಒಂದೊಂದಕ್ಕೂ ಮೂರು ಗೋಡೆಯ ಗೂಡು ಬೇಕು, ಗೋಡೆಗೆ ಆಳೆತ್ತರ ಮೀರಿ ಪೇರಿಸಿದ ಡಬ್ಬಗಳು ಬೇಕು, ಡಬ್ಬಗಳಿಗೆ ತುಂಬಲು ಏನಾದರೂ ಬೇಕು. ಸಲಿಕೆಗೆ ಸುಲಭವಾಗಿ ಸಿಕ್ಕಿದ್ದು ಚೆನ್ಸಾಳ ಹೊಲ.

ಕ್ಯಾಪ್ಟನ್ ಬಂದ. ಐವತ್ತಮೂರು ವರ್ಷದ ಹೆಂಗಸು ಡಬ್ಬದ ಮೇಲೆ ಕುಳಿತಿರುವುದನ್ನು ನೋಡಿದ. ನಿದ್ದೆಯಿಲ್ಲದ ಅವನ ಕಣ್ಣುಗಳು ಈರುಳ್ಳಿ ಹೆಚ್ಚಿದವನ ಕಣ್ಣುಗಳಂತಿದ್ದವು. ಅವನು ಹೇಳಿದ್ದನ್ನು ನೆನು ಆಕೆಯ ಮಾತಿಗೆ ತಿರುಗಿಸಿದ.

"ಗೂಡು ಏಳದಿದ್ರೆ ವಿಮಾನ ಸುಡತ್ತಂತೆ, ವಿಮಾನ ಇಲ್ದಿದ್ರೆ ದ್ವೀಪ ಹೋಗತ್ತಂತೆ. ಆಮೇಲೆ ಈ ಮಣ್ಣಲ್ಲಿ ಜರ್ಮನ್ನರ ಆಲೂಗಡ್ಡೆ ಬೆಳೀಬೇಕಾಗತ್ತೆ ಅಂತಾರೆ."

"ಮಣ್ಣನ್ನ ಡಬ್ಬಕ್ಕೆ ತುಂಬಿದ್ರೆ ಇವನಿಗೆ ಯಾರು ಬೆಳೆದು ಹಾಕ್ತಾರಂತೆ? ದಿನಸಿ ಹಡಗು ಬಂದು ಎಷ್ಟು ದಿನ ಆಯ್ತು, ಕೇಳು. ಗೂಡು ಬೇಡ ಅಂತ ನಾನೆಲ್ಲಿ ಅಂದೆ? ಕಲ್ಲಲ್ಲಿ ಕಟ್ಟಿ. ಊರು ತುಂಬ ಬಿದ್ದ ಗೋಡೆ ಇದೆ."

"ಕಲ್ಲು ಒಡೆದು ತುಂಬೋಕೆ ಆಳಿಲ್ವಂತೆ."

"ನಾವಿದ್ದೀವಿ ಅನ್ನು. ಎಷ್ಟೊತ್ತಿಗೆ ಬೇಕು ಕೇಳು."

ನಾಳೆ ಸಂಜೆ ಆರಕ್ಕೆ, ಎಂದ ಕ್ಯಾಪ್ಟನ್. ಆಗದಿದ್ದರೆ ಹೊಲವನ್ನು ಬಂಡೆ ಕಾಣುವವರೆಗೆ ಕೆರೆಯುತ್ತೇನೆ, ಎಂದೂ ಹೇಳಿದ. ಈ ಎರಡನೆಯ ಮಾತನ್ನು ನೆನು ಮೆತ್ತಗೆ ಹೇಳಲು ನೋಡಿದನಾದರೂ ಚೆನ್ಸಾ ಕ್ಯಾಪ್ಟನ್ನನ ಮುಖದಲ್ಲೇ ಅದನ್ನು ಓದಿಕೊಂಡಿದ್ದಳು. ಆಕೆ ಲಾರಿಯ ಹತ್ತಿರ ಹೋಗಿ, ಒಂಬತ್ತು ಡಬ್ಬಗಳ ಮೇಲೂ ಸುಣ್ಣದಲ್ಲಿ ಶಿಲುಬೆ ಗುರುತು ಹಾಕಿದಳು. "ಇವು ಹೋಗ್ಲಿ. ನಾನು ಆಮೇಲೆ ಬಂದು ತಗೋತೀನಿ" ಎಂದಳು. ಸಿಪಾಯಿಗಳು ನಕ್ಕರು. ನೆನು ನಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಹನ್ನೊಂದು ಹೆಂಗಸರು ಬಂದರು. ಬೀದಿಯ ಕುಸಿದ ಮನೆಗಳಿಂದ ಲಾರಿಯಲ್ಲಿ ಕಲ್ಲು ತಂದು, ಹೊಲದ ಗೋಡೆಯಾಚೆ ಸುತ್ತಿಗೆಯಲ್ಲಿ ಒಡೆದು, ಡಬ್ಬ ತುಂಬಲು ತೊಡಗಿದರು. ಕೆಲಸ ಬೇಗ ಸಾಗಬೇಕಿತ್ತು, ಆದರೆ ಸಾಗಲಿಲ್ಲ. ಕಾರಣ ಚೆನ್ಸಾಳ ಜರಡಿ. ಕುಸಿದ ಮನೆಗಳ ಪುಡಿಯಲ್ಲಿ ಹಿತ್ತಿಲ ಮಣ್ಣು, ಹೂಕುಂಡದ ಮಣ್ಣು ಬೆರೆತಿರುತ್ತಿತ್ತು. ಆಕೆ ಪ್ರತಿ ಬುಟ್ಟಿಯನ್ನೂ ಜರಡಿ ಹಿಡಿದು, ಮಣ್ಣನ್ನು ಒಂದು ಕಡೆ ಗುಡ್ಡೆ ಹಾಕಿಯೇ ಕಲ್ಲನ್ನು ಡಬ್ಬಕ್ಕೆ ಬಿಡುತ್ತಿದ್ದಳು. ಉಳಿದವರೂ ಬೈಯುತ್ತಲೇ ಜರಡಿ ಹಿಡಿದರು. ಅವರಿಗೂ ಕೈ ಬರಲಿಲ್ಲ, ಮಣ್ಣನ್ನು ಹೂಳಲು.

"ಇವಳ ಜೊತೆ ಸ್ವರ್ಗಕ್ಕೆ ಹೋದ್ರೂ ಬಾಗಿಲಲ್ಲಿ ಜರಡಿ ಹಿಡೀತಾಳೆ," ಎಂದಳು ಪಕ್ಕದ ಮನೆಯ ಗ್ರೆಟ್ಸಿಯಾ.

"ನಿನ್ನನ್ನಂತೂ ಹಿಡೀತೀನಿ. ಮೇಲೆ ಉಳಿಯೋದು ನಾಲಿಗೆ ಒಂದೇ."

ಈ ಹಟ ಬುದ್ಧಿವಂತಿಕೆಯದಲ್ಲ. ಅರ್ಧ ದಿನ ಅದರಲ್ಲೇ ಹೋಯಿತು. ಮರುದಿನ ಮಧ್ಯಾಹ್ನ ಎರಡು ಗೋಡೆಗಳು ಎದ್ದಿದ್ದವು, ಮೂರನೆಯದು ಮೊಣಕಾಲೆತ್ತರಕ್ಕೆ ನಿಂತಿತ್ತು. ಆಗ ಸೈರನ್ ಕೂಗಿತು. ಬಂಡೆಯೊಳಗೆ ಕೊರೆದ ಆಶ್ರಯಕ್ಕೆ ಓಡುವಷ್ಟು ಹೊತ್ತಿರಲಿಲ್ಲ. ಹೆಂಗಸರು ಎದ್ದ ಗೋಡೆಗಳ ಮೂಲೆಗೆ ಮುಖ ಹಾಕಿ ಮಲಗಿದರು. ಎರಡು ವರ್ಷಗಳಿಂದ ಆಕಾಶವೆಂದರೆ ಮೇಲಿನಿಂದ ಬೀಳುವ ವಸ್ತು ಎಂದು ಅವರ ಬೆನ್ನುಗಳು ಕಲಿತಿದ್ದವು. ಗೋಡೆಯಾಚೆ ಒಂದು ಬಾಂಬು ಬಿತ್ತು. ನೆಲ ಎದ್ದು ಕುಳಿತಂತಾಯಿತು. ಧೂಳು ಇಳಿದಾಗ ಡಬ್ಬಗಳು ತೂತುಬಿದ್ದಿದ್ದವು, ಗೋಡೆ ನಿಂತಿತ್ತು.

"ಗ್ರೆಟ್ಸಿಯಾ, ಇದೀಯಾ?"

"ಇದೀನಿ. ನಿನ್ನ ಜರಡಿ ಹೋಯ್ತು."

ಜರಡಿ ನಿಜವಾಗಿಯೂ ಹೋಗಿತ್ತು. ಜೊತೆಗೆ ಊರಿನಿಂದ ಬರುವ ದಾರಿಯೂ ಹೋಗಿತ್ತು. ಒಂದು ದೊಡ್ಡ ಕುಳಿ ಲಾರಿಗೆ ಅಡ್ಡವಾಗಿತ್ತು, ಕಲ್ಲು ತರುವಂತಿರಲಿಲ್ಲ. ನಾಲ್ಕು ಗಂಟೆಗೆ ಕ್ಯಾಪ್ಟನ್ ಬಂದು ಗಡಿಯಾರ ನೋಡಿದ. ಅವನ ಹಿಂದೆ ಎಂಟು ಸಿಪಾಯಿಗಳು ಸಲಿಕೆ ಹಿಡಿದು ನಿಂತಿದ್ದರು. ಹೊಲ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು.

ಕುಳಿಯ ಈಚೆ, ಊರಿನ ಕಟ್ಟಕಡೆಯ ಮನೆ ಒಂದೇ. ಅದು ಚೆನ್ಸಾಳದು. ಮಾರ್ಚಿನಲ್ಲಿ ಬಿದ್ದಿತ್ತು. ಆಕೆಯ ಗಂಡ ಜೋರ್ಜ್ ಕಲ್ಲುಗಣಿಯಲ್ಲಿ ಕೆಲಸಕ್ಕಿದ್ದವನು, ಆ ಮನೆಯ ಒಂದೊಂದು ಕಲ್ಲನ್ನೂ ತಾನೇ ಕೊಯ್ದಿದ್ದ. ಗಣಿಯ ಧೂಳು ಎದೆ ಸೇರಿ ಸತ್ತು ಹನ್ನೊಂದು ವರ್ಷವಾಗಿತ್ತು. ಮನೆ ಬಿದ್ದ ಮೇಲೆ ಚೆನ್ಸಾ ಕಲ್ಲುಗಳನ್ನು ಆರಿಸಿ ಸಾಲಾಗಿ ಜೋಡಿಸಿ, ಬಾಗಿಲಿನವಕ್ಕೆ ಒಂದು ಗೆರೆ, ಕಿಟಕಿಯವಕ್ಕೆ ಎರಡು ಗೆರೆ ಇದ್ದಿಲಿನಲ್ಲಿ ಎಳೆದಿದ್ದಳು. ಯುದ್ಧ ಮುಗಿದ ಮೇಲೆ ಇದ್ದದ್ದು ಇದ್ದ ಹಾಗೆಯೇ ಕಟ್ಟಬೇಕೆಂದು. ಆ ರಾಶಿಯನ್ನು ಹಿಂದಿನ ದಿನದಿಂದ ಯಾರೂ ಮುಟ್ಟಿರಲಿಲ್ಲ. ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ.

"ನೆನು, ಆ ಸಲಿಕೆಯವರನ್ನ ನನ್ನ ಮನೆಗೆ ಕಳ್ಸು. ಸುತ್ತಿಗೆ ತಗೊಂಡು ಹೋಗ್ಲಿ."

"ಚಿಕ್ಕಮ್ಮಾ, ಅದು ಚಿಕ್ಕಪ್ಪ ಕೊಯ್ದ..."

"ಯಾರು ಕೊಯ್ದಿದ್ದು ಅಂತ ನಂಗೆ ನೀನು ಹೇಳ್ಕೊಡ್ತೀಯಾ? ಕಲ್ಲು ಇನ್ನೊಂದ್ಸಲ ಕೊಯ್ಬಹುದು. ಮಣ್ಣನ್ನ ಯಾವ ಗಣೀಲಿ ಕೊಯ್ತೀಯಾ?"

ಮೊದಲ ಸುತ್ತಿಗೆ ಏಟನ್ನು ಆಕೆಯೇ ಹಾಕಿದಳು, ಒಂದು ಗೆರೆಯ ಕಲ್ಲಿಗೆ. ಆಮೇಲೆ ಸಿಪಾಯಿಗಳೂ ಹೆಂಗಸರೂ ಒಡೆಯತೊಡಗಿದರು. ಕ್ಯಾಪ್ಟನ್ ಕೋಟು ಬಿಚ್ಚಿ ತಾನೂ ಡಬ್ಬ ಹೊತ್ತ. ಆರಕ್ಕೆ ಐದು ನಿಮಿಷವಿರುವಾಗ ಕೊನೆಯ ಸಾಲು ಮುಗಿಯಿತು.

ಹತ್ತು ಹನ್ನೆರಡು ದಿನಗಳಲ್ಲಿ ವಿಮಾನಗಳು ಬಂದವು. ಚೆನ್ಸಾಳ ಗೂಡಿನಲ್ಲಿ ನಿಂತ ವಿಮಾನದ ಸುತ್ತ ಆ ಬೇಸಿಗೆಯಲ್ಲಿ ಆರು ಬಾಂಬುಗಳು ಬಿದ್ದವು. ವಿಮಾನ ಪ್ರತಿ ಸಲವೂ ಎದ್ದು ಹೋಯಿತು. ಹಾರಿದ ಹುಡುಗರ ಹೆಸರುಗಳು ಪುಸ್ತಕಗಳಲ್ಲಿವೆ, ಇರಬೇಕಾದದ್ದೇ. ಅವರು ಇಳಿದ ಮೇಲೆ ಆ ವಿಮಾನಗಳನ್ನು ಏನು ಉಳಿಸಿತು ಎಂಬುದಕ್ಕೆ ಪುಸ್ತಕಗಳಲ್ಲಿ ಒಂದು ಸಾಲು ಸಿಕ್ಕರೆ ಹೆಚ್ಚು. ಚೆನ್ಸಾ ತಲೆಯೆತ್ತಿ ನೋಡಲೂ ಇಲ್ಲ. ಆಶ್ರಯದ ಕೊರಕಲಿನಲ್ಲಿ ಮಲಗಿ, ಹೊಲದಲ್ಲಿ ಎದ್ದು, ಬಗೆದ ಮಡಿಯನ್ನು ಜರಡಿ ಹಿಡಿದ ಮಣ್ಣಿನಿಂದ ತುಂಬಿ ಮತ್ತೆ ಈರುಳ್ಳಿ ಹಾಕಿದಳು. ಆದರೂ ಆ ಮೂಲೆ ಸ್ವಲ್ಪ ತಗ್ಗಾಗಿಯೇ ಉಳಿಯಿತು.

ಯುದ್ಧ ಮುಗಿದ ವರ್ಷ, ಗೂಡುಗಳನ್ನು ಕೆಡವುತ್ತಾರೆಂದು ಕೇಳಿ, ಆಕೆ ಕತ್ತೆಗಾಡಿ ಹೂಡಿಕೊಂಡು ನಿಲ್ದಾಣದೊಳಗೆ ಹೋದಳು. ಕಾವಲಿಗಿದ್ದವನು ಪಕ್ಕದ ಊರಿನ ಸಿಪಾಯಿ. ಅವನು ಓಡಿಬರುವಷ್ಟರಲ್ಲಿ ಆಕೆ ಸುಣ್ಣದ ಶಿಲುಬೆಯಿದ್ದ ಡಬ್ಬಗಳನ್ನು ಗೋಡೆಯಿಂದ ಎಳೆದಾಗಿತ್ತು.

"ಏನಮ್ಮಾ ಇದು? ಸರ್ಕಾರದ ಆಸ್ತಿ!"

"ಡಬ್ಬ ಸರ್ಕಾರದ್ದು. ಇಟ್ಕೊಳ್ಳಲಿ."

ಒಂದೊಂದನ್ನೇ ಚೀಲಕ್ಕೆ ಸುರಿದು, ಖಾಲಿ ಡಬ್ಬಗಳನ್ನು ಅವನ ಮುಂದೆ ಸಾಲಾಗಿ ನಿಲ್ಲಿಸಿದಳು. ಎಂಟು ಸರಿಯಿದ್ದವು. ಒಂಬತ್ತನೆಯದು ಬಾಂಬಿನ ಚೂರು ಹೊಕ್ಕು ಸೀಳಿತ್ತು, ಅರ್ಧ ಮಣ್ಣು ಕೆಳಗೆ ಸುರಿದಿತ್ತು. ಆಕೆ ಮಂಡಿಯೂರಿ, ಗಿಡ್ಡ ಪೊರಕೆಯಿಂದ ಬಂಡೆಯ ಬಿರುಕುಗಳನ್ನು ಗುಡಿಸತೊಡಗಿದಳು.

"ಅಮ್ಮಾ, ಯುದ್ಧ ಮುಗೀತಲ್ಲ. ಒಂದು ಹಿಡಿ ಮಣ್ಣಿಗೆ ಇಷ್ಟ್ಯಾಕೆ?"

ಚೆನ್ಸಾ ತಲೆಯೆತ್ತದೆ ಪೊರಕೆಯಿಂದ ಅವನ ಬೂಟಿಗೆ ತಟ್ಟಿದಳು.

"ಅದರ ಮೇಲೆ ನಿಂತಿದೀಯ. ಎತ್ತು ಕಾಲು."

ಅವನು ಕಾಲೆತ್ತಿದ.