ಎಂಜಿನ್ ಮುಂದೋ, ಹಿಂದೋ?

ಅಂಗಡಿಗಳಿಗೆ ಬಿಸ್ಕತ್ತು ಹಾಕುತ್ತಿದ್ದ ನನ್ನ ವ್ಯಾನು ಒಂದ್ಸಲ ತಿಪಟೂರಿನಲ್ಲಿ, ಕೊಬ್ಬರಿ ಹರಾಜಿನ ದಿನವೇ, ಲಾರಿಗಳ ನಡುವೆ ಕೆಮ್ಮಿ ನಿಂತಿತು. ಪುಣ್ಯಕ್ಕೆ ಎದುರಿಗೇ ಗ್ಯಾರೇಜಿತ್ತು. ಅದನ್ನು ನಡೆಸುತ್ತಿದ್ದ ಬಸವರಾಜು, ಶಿವಣ್ಣ ಇಬ್ಬರೂ ಷಡ್ಡಕರು. ಕೆಲಸ ಬಲ್ಲವರೇ, ಆದರೆ ಆವಾಗ ಮಾತು ಬಿಟ್ಟಿದ್ದರು.

"ಸಾರ್, ಆ ಸ್ಪ್ಯಾನರ್ ಕೊಡೋಕೆ ಹೇಳಿ ಅವ್ನಿಗೆ," ಅಂದ ವ್ಯಾನಿನೊಳಗಿಂದ ಬಸವರಾಜು. ಪಕ್ಕದಲ್ಲೇ ನಿಂತಿದ್ದ ಶಿವಣ್ಣ ಅದನ್ನು ನನ್ನ ಕೈಗಿಟ್ಟ. ರಿಪೇರಿ ಹೀಗೇ ನನ್ನ ಮೂಲಕವೇ ನಡೆಯುತ್ತಿತ್ತು.

ಜಗಳ ಆಸ್ತಿಯದಲ್ಲ, ಪತ್ರಿಕೆಯಿಂದ ಕತ್ತರಿಸಿ ಗೋಡೆಗೆ ಅಂಟಿಸಿದ್ದ ಒಂದು ಚಿತ್ರದ್ದು. ಇನ್ನೂ ಹುಟ್ಟದ ಸ್ಪೋರ್ಟ್ಸ್ ಕಾರು. ಎಂಜಿನ್ ಎಲ್ಲಿರುತ್ತೆ ಅಂತ ಪತ್ರಿಕೆಯವರು ಬರೆದಿರಲಿಲ್ಲ. ಮುಂದೆ ಅಂತ ಬಸವರಾಜು, ಹಿಂದೆ ಅಂತ ಶಿವಣ್ಣ.

ನನಗೋ ಹೊರಡುವ ಆತುರ. "ಮಧ್ಯದಲ್ಲಿರಬಹುದು ಕಣ್ರೀ," ಅಂದುಬಿಟ್ಟೆ.

ಇಬ್ಬರೂ ನನ್ನನ್ನೇ ನೋಡಿದರು. ಆಮೇಲೆ ಶಿವಣ್ಣ ನೇರವಾಗಿ ಷಡ್ಡಕನಿಗೇ ಹೇಳಿದ: "ಕೇಳಿದ್ಯೇನ್ಲಾ? ಎಂಜಿನ್ ಮಧ್ಯ ಇಟ್ರೆ ಡ್ರೈವರ್ ಎಲ್ಲಿ ಕೂತ್ಕತಾನೆ?"

"ಅದ್ರ ಮೇಲೇ ಕಣ್ಲಾ! ಕುಂಡಿ ಬೆಂದೋಯ್ತದೆ ಬುಡು!"

ಬಿದ್ದು ಬಿದ್ದು ನಕ್ಕರು. ನಗುತ್ತಲೇ ಜೊತೆಯಾಗಿ ಕೆಲಸ ಮುಗಿಸಿದರು. ಕೊನೆಗೆ, ಬಿಚ್ಚಿಟ್ಟಿದ್ದ ನನ್ನ ಸೀಟನ್ನು ಎತ್ತಿ, ಮೊದಲಿದ್ದ ಹಾಗೇ ಎಂಜಿನ್ನಿನ ಮೇಲೆಯೇ ಕೂರಿಸಿ ಬೋಲ್ಟು ಬಿಗಿದರು. ಆಗಲೂ ನಗುತ್ತಿದ್ದರು.

ಅದನ್ನು ಅವರಿಗೆ ತೋರಿಸಲು ನಾನು ಹೋಗಲಿಲ್ಲ. ಅಂತೂ ಮಾತಾಡಿದ್ದರಲ್ಲ! ತುರುವೇಕೆರೆ ಮುಟ್ಟುವವರೆಗೂ ಕಾದ ಸೀಟಿನ ಮೇಲೆ ಅತ್ತಿತ್ತ ಸರಿಯುತ್ತಾ ಕೂತಿದ್ದೆ. ಮಧ್ಯಸ್ಥಿಕೆಗೆ ಹೋದವನಿಗೆ ಅಷ್ಟಾದರೂ ಬಿಸಿ ತಟ್ಟಲೇಬೇಕು.